ಚೈನ್ ಹೋಟೆಲ್, ಥೀಮ್ ಹೋಟೆಲ್: ಹೆಸರು ಒಂದೇ, ಮೆನು ಒಂದೇ, ರುಚಿ ಮಾತ್ರ ಬ್ರ್ಯಾಂಚಿಗೊಂದು ಯಾಕೆ?

ಹೊಸ ಸದಸ್ಯ

ಎಲ್ಲರಿಗೂ ನಮಸ್ಕಾರ. ಚೈನ್ ಹೋಟೆಲ್ ಅಂದ ಕೂಡಲೇ ಎರಡೇ ಮಾತು ಕೇಳಿಬರುತ್ತವೆ. ಒಂದು, "ಅದೆಲ್ಲ ಪ್ಯಾಕೆಟ್ ಊಟ, ಅಡುಗೆಯೇ ಅಲ್ಲ." ಇನ್ನೊಂದು, "ಗೊತ್ತಿಲ್ಲದ ಊರಲ್ಲಿ ಅದೇ ವಾಸಿ, ಮೋಸ ಆಗಲ್ಲ." ಎಲ್ಲವೂ ಪ್ಯಾಕೆಟ್ಟಿನಿಂದಲೇ ಬರುವುದಾದರೆ ಒಂದೇ ಚೈನಿನ ಎರಡು ಬ್ರ್ಯಾಂಚಿನಲ್ಲಿ ರುಚಿ ಬೇರೆ ಯಾಕೆ? ಕಾಡು, ಸಿನಿಮಾ ಅಂತ ಒಂದು ವಿಷಯ ಹಿಡಿದು ಒಳಗೆಲ್ಲ ಸಿಂಗರಿಸಿದ ಥೀಮ್ ಹೋಟೆಲಿನದೂ ಇದೇ ಕಥೆ. ಮೊದಲ ಸಲ ಕಣ್ಣು ತುಂಬುತ್ತದೆ, ಎರಡನೇ ಸಲಕ್ಕೆ ಸಪ್ಪೆ. ನನಗೆ ಇಷ್ಟ, ನನಗೆ ಕಷ್ಟ ಅನ್ನುವ ಉತ್ತರ ಬೇಡ. ಅಡುಗೆಮನೆಯಲ್ಲಿ ಏನು ನಡೆಯುತ್ತದೆ, ಲೆಕ್ಕದಲ್ಲಿ ಏನು ನಡೆಯುತ್ತದೆ ಅಂತ ಬಲ್ಲವರು ಬಿಡಿಸಿ ಹೇಳಿ.


ಲೆಕ್ಕದ ಪುಸ್ತಕ

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ತುದಿ ಇದೆ. ಚೈನ್ ಹೋಟೆಲಿನ ಹೆಚ್ಚಿನ ಐಟಂಗಳಿಗೆ ಎರಡು ಅಡುಗೆಮನೆ. ಒಂದು ಎಲ್ಲೋ ದೂರದ ಸೆಂಟ್ರಲ್ ಕಿಚನ್ ಅಥವಾ ಕಾರ್ಖಾನೆ. ಇನ್ನೊಂದು ನೀವು ಕೂತ ಬ್ರ್ಯಾಂಚಿನದು. ತೂಕ, ಉಪ್ಪು, ಹುಳಿ, ಮಸಾಲೆ, ಬೇಯಿಸುವ ಹೊತ್ತು ಎಲ್ಲ ಮೊದಲನೆಯದರಲ್ಲೇ ತೀರ್ಮಾನ ಆಗಿರುತ್ತವೆ. ಅಲ್ಲಿ ಹೆಚ್ಚುಕಡಿಮೆ ಆಗುವುದು ಅಪರೂಪ. ಬ್ರ್ಯಾಂಚಿಗೆ ಉಳಿಯುವುದು ಕೊನೆಯ ಹತ್ತು ನಿಮಿಷದ ಕೆಲಸ: ಫ್ರೀಜರಿನಿಂದ ತೆಗೆದದ್ದನ್ನು ಕರಗಿಸುವುದು, ಕರಿಯುವುದು, ಬಿಸಿ ಮಾಡುವುದು, ಜೋಡಿಸುವುದು, ಟೇಬಲ್ಲಿಗೆ ಹೋಗುವ ತನಕ ಕಾಪಾಡುವುದು. ನಿಮಗೆ ಗೊತ್ತಾಗುವ ವ್ಯತ್ಯಾಸ ಪೂರ್ತಿ ಈ ಹತ್ತು ನಿಮಿಷದ್ದು.

ಸೂಪನ್ನೇ ನೋಡಿ. ಸೆಂಟ್ರಲ್ ಕಿಚನ್ನಿನಲ್ಲಿ ಉಗಿಯಿಂದ ಕಾಯುವ ದೊಡ್ಡ ಕಡಾಯಿಯಲ್ಲಿ ಕುದಿಸಿ, ಬಿಸಿಯಿರುವಾಗಲೇ ಚೀಲಕ್ಕೆ ತುಂಬಿ ಸೀಲ್ ಮಾಡಿ, ತಣ್ಣೀರಿನಲ್ಲಿ ಉರುಳಿಸುತ್ತಾ ತಣಿಸುತ್ತಾರೆ. ಇಲ್ಲಿ ವೇಗವೇ ಮುಖ್ಯ. ಅಮೆರಿಕದ ಫುಡ್ ಕೋಡ್ ಪ್ರಕಾರ ಬೇಯಿಸಿದ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ನಿಂದ 21ಕ್ಕೆ 2 ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5ಕ್ಕೆ ಮತ್ತೆ 4 ಗಂಟೆಯೊಳಗೆ. ಕುದಿಸಿದರೂ ಸಾಯದ ಬ್ಯಾಕ್ಟೀರಿಯಾದ ಬೀಜಕಣಗಳು ಮೊಳೆತು ಹೆಚ್ಚುವುದು ಈ ನಡುವಿನ ತಾಪದಲ್ಲೇ. ಆಳದ ಪಾತ್ರೆಯಲ್ಲಿ ಬಿಟ್ಟರೆ ಮೇಲೆ ಮುಟ್ಟಿದಾಗ ತಣ್ಣಗೆ, ನಡುವೆ ಇನ್ನೂ ಬೆಚ್ಚಗೆ. ಅದಕ್ಕೇ ಚೀಲ ಇಲ್ಲದ ಕಡೆ 5 ಸೆಂಟಿಮೀಟರಿಗಿಂತ ಆಳವಾಗದಂತೆ ಅಗಲ ತಟ್ಟೆಗಳಿಗೆ ಸುರಿಯುತ್ತಾರೆ.

ಬ್ರ್ಯಾಂಚಿನಲ್ಲಿ ಮತ್ತೆ ಬಿಸಿ ಮಾಡುವಾಗ 2 ಗಂಟೆಯೊಳಗೆ 74 ಡಿಗ್ರಿ ಮುಟ್ಟಬೇಕು. ಆಮೇಲೆ 57ಕ್ಕಿಂತ ಕೆಳಗೆ ಬೀಳಬಾರದು. ಎಡವುವುದು ಎಲ್ಲಿ ಅಂದರೆ, ಚೀಲದ ತಣ್ಣನೆ ಸೂಪನ್ನು ನೇರ ಬೇನ್‌ಮರಿಗೆ ಸುರಿದುಬಿಡುತ್ತಾರೆ. ಆ ಬಿಸಿನೀರಿನ ತೊಟ್ಟಿ ಇರುವುದು ಬಿಸಿಯನ್ನು ಕಾಯಲು. ತಣ್ಣನೆಯದನ್ನು ಬಿಸಿ ಮಾಡುವ ಶಕ್ತಿ ಅದಕ್ಕಿಲ್ಲ. ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂರುತ್ತದೆ, ಅಂಚಿನಲ್ಲಿ ಕೆನೆಗಟ್ಟುತ್ತದೆ, ತಳದಲ್ಲಿ ಗಟ್ಟಿಯಾಗುತ್ತದೆ. ಮಧ್ಯಾಹ್ನ ಮೂರೂವರೆಗೆ ಬರುವ ಸೂಪಿನ ಅಂಚಿನಲ್ಲಿ ಗಾಢ ಬಣ್ಣದ ಪಟ್ಟಿ ಇದ್ದರೆ ಕಾರಣ ಇದು.


ಎಣ್ಣೆ ಬಾಣಲೆ

ಕರಿದ ಪದಾರ್ಥದ ಬಗ್ಗೆ ನಾನು ಬರೀತೀನಿ, ಬ್ರ್ಯಾಂಚಿನ ಹಣೆಬರಹ ತಿಳಿಯೋದೇ ಅಲ್ಲಿ.

ಫ್ರೆಂಚ್ ಫ್ರೈಸ್ ತಗೊಳ್ಳಿ. ಆಲೂಗಡ್ಡೆ ಕತ್ತರಿಸಿ, ಬಿಸಿನೀರಲ್ಲಿ ಅದ್ದಿ ಮೇಲಿನ ಸಕ್ಕರೆ ತೊಳೆದು, ಒಣಗಿಸಿ, ಅರ್ಧ ಕರಿದು, ಮೈನಸ್ 18ಕ್ಕೂ ಕೆಳಗೆ ಗಟ್ಟಿ ಮಾಡಿ ಕಳಿಸಿರ್ತಾರೆ. ಬ್ರ್ಯಾಂಚಿನವರಿಗೆ ಉಳಿದಿರೋದು 170-175 ಡಿಗ್ರಿಯಲ್ಲಿ ಸುಮಾರು ಮೂರು ನಿಮಿಷ ಕರಿಯೋದು. ಅಷ್ಟರಲ್ಲೇ ಕೆಡಿಸೋ ದಾರಿ ಎಷ್ಟಿವೆ ನೋಡಿ.

ಜಾಲರಿ ಬುಟ್ಟಿಯನ್ನ ಅರ್ಧಕ್ಕಿಂತ ಹೆಚ್ಚು ತುಂಬೋದು ಮೊದಲನೇದು. ಫ್ರೀಜರಿನಿಂದ ಬಂದ ತಣ್ಣನೆ ರಾಶಿ ಬಿದ್ದ ಕೂಡಲೇ ಎಣ್ಣೆಯ ಶಾಖ ದಬಕ್ಕನೆ ಇಳಿಯುತ್ತೆ. ಆಲೂಗಡ್ಡೆಯೊಳಗಿನ ನೀರು ರಭಸವಾಗಿ ಹಬೆಯಾಗಿ ಹೊರನುಗ್ಗುತ್ತಾ ಇದ್ದರೆ ಮೇಲ್ಪದರ ಗರಿಗರಿಯಾಗುತ್ತೆ. ಆ ರಭಸ ಇಲ್ಲದಿದ್ದರೆ ಬರೀ ಮೆತ್ತಗಾಗುತ್ತೆ, ಹೊರಗೆ ತೆಗೆದು ತಣಿಯುವಾಗ ಮೇಲ್ಮೈಗೆ ಅಂಟಿದ ಎಣ್ಣೆಯನ್ನ ಒಳಕ್ಕೆ ಹೀರುತ್ತೆ. ಜನ ಮಾತ್ರ "ಎಣ್ಣೆ ಜಾಸ್ತಿ ಹಾಕಿದಾರೆ" ಅಂತಾರೆ.

ಎರಡನೇದು ಉಪ್ಪು. ಬಾಣಲೆ ಮೇಲೆ ಬುಟ್ಟಿ ಹಿಡಿದುಕೊಂಡೇ ಉಪ್ಪು ಉದುರಿಸೋ ಚಾಳಿ ಬಹಳ ಕಡೆ ಇದೆ. ಎಣ್ಣೆಗೆ ಬಿದ್ದ ಉಪ್ಪು, ಹಿಟ್ಟಿನ ಚೂರು, ನೀರು, ಇವೆಲ್ಲ ಎಣ್ಣೆಯ ಆಯಸ್ಸು ತಿನ್ನುತ್ತವೆ. ಕಾದ ಎಣ್ಣೆ ಒಡೆದು ಆಗೋ ಪೋಲಾರ್ ಸಂಯುಕ್ತಗಳ ಪ್ರಮಾಣಕ್ಕೆ ಅನೇಕ ದೇಶಗಳ ನಿಯಮ 24ರಿಂದ 27 ಪ್ರತಿಶತದ ಮಿತಿ ಇಟ್ಟಿದೆ, ಎಣ್ಣೆಗೆ ಅದ್ದಿದರೆ ತೋರಿಸೋ ಕೈಮೀಟರೂ ಸಿಗುತ್ತೆ. ದಿನಾ ರಾತ್ರಿ ಸೋಸೋ ಬ್ರ್ಯಾಂಚಿಗೂ ವಾರಕ್ಕೊಮ್ಮೆ ಸೋಸೋ ಬ್ರ್ಯಾಂಚಿಗೂ ಫ್ರೀಜರಿನಿಂದ ಬರೋ ಮಾಲು ಒಂದೇ, ತಟ್ಟೆಗೆ ಬರೋದು ಬೇರೆ.

ಮೂರನೇದು ಕಾಯಿಸಿ ಇಡೋದು. ಕರಿದ ಫ್ರೈಸ್ ಬಿಸಿ ಆರದಂತೆ ಇಡೋ ದೀಪದ ಕೆಳಗೆ ಹತ್ತು ನಿಮಿಷ ಕೂತರೆ ಒಳಗಿನ ತೇವ ಹೊರಪದರಕ್ಕೆ ಬರುತ್ತೆ, ಗರಿಗರಿ ಹೋಗುತ್ತೆ. ದೀಪ ಬಿಸಿ ಕೊಡುತ್ತೆ ಅಷ್ಟೇ, ಗರಿಗರಿ ಕೊಡಲ್ಲ. ಇಡೋ ಹೊತ್ತು ಮುಗೀತು ಅಂತ ಟೈಮರ್ ಕೂಗಿದ ಮೇಲೆ ಉಳಿದದ್ದನ್ನ ಎಸೆಯೋ ಧೈರ್ಯ ಬ್ರ್ಯಾಂಚಿಗಿದೆಯೋ ಇಲ್ಲವೋ, ಪ್ರಶ್ನೆ ಅದೇ.

ಟೇಬಲ್ಲಿನಲ್ಲಿ ಕೂತು ಕಂಡುಹಿಡಿಯೋಕೆ: ಕರಿದದ್ದರ ಬಣ್ಣ ಗಾಢ, ಆದರೆ ಕಚ್ಚಿದರೆ ಮೆತ್ತಗೆ, ಬೆರಳಿಗೆ ಅಂಟಂಟು, ನುಂಗಿದ ಮೇಲೆ ಗಂಟಲಲ್ಲಿ ಕೆರೆತ. ಇಷ್ಟೂ ಒಟ್ಟಿಗೆ ಇದ್ದರೆ ಎಣ್ಣೆ ಸೋತಿದೆ ಅಂತ ಅರ್ಥ. ಆ ದಿನ ಅಲ್ಲಿ ಕರಿದದ್ದು ಯಾವುದೂ ಬೇಡ. ಅದೇ ಫ್ರೈಯರಿನಲ್ಲಿ ಮೀನು ಕರಿದಿದ್ದರೆ ಸಿಹಿ ತಿಂಡಿಗೂ ಆ ವಾಸನೆ ಹತ್ತಿರುತ್ತೆ.


ಹಳೆ ಸೌಟು

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಒಂದು ಮಾತು ಸೇರಿಸಬೇಕು. "ಪ್ಯಾಕೆಟ್ ಊಟ" ಅಂತ ಹಗುರ ಮಾಡುವ ಮುಂಚೆ ಚೈನ್ ಹುಟ್ಟಿದ್ದು ಯಾಕೆ ಅಂತ ನೋಡಬೇಕು. ಚೈನ್ ಹುಟ್ಟಿದ್ದು ಹೊಟ್ಟೆ ಕೆಡುವ ಭಯದಿಂದ.

ಅಮೆರಿಕದ ರೈಲು ನಿಲ್ದಾಣಗಳ ಊಟ ಹಳಸಲಿಗೆ ಹೆಸರಾಗಿದ್ದ ಕಾಲದಲ್ಲಿ ಫ್ರೆಡ್ ಹಾರ್ವಿ 1876ರಲ್ಲಿ ಟೊಪೀಕಾ ನಿಲ್ದಾಣದಲ್ಲಿ ಊಟದ ಮನೆ ತೆರೆದ. ಎಷ್ಟು ಜನ ಉಣ್ಣುತ್ತಾರೆ ಅಂತ ರೈಲು ಬರುವ ಮೊದಲೇ ತಂತಿ ಸಂದೇಶ ಬರುತ್ತಿತ್ತು, ಇಳಿಯುವ ಹೊತ್ತಿಗೆ ಊಟ ಸಿದ್ಧ. 1921ರಲ್ಲಿ ವಿಚಿಟಾದಲ್ಲಿ ವೈಟ್ ಕ್ಯಾಸಲ್ ಎಂಬ ಹ್ಯಾಂಬರ್ಗರ್ ಚೈನ್ ಶುರುವಾದಾಗ ಅರೆದ ಮಾಂಸವೆಂದರೆ ಜನಕ್ಕೆ ಅನುಮಾನ. ಅದಕ್ಕೇ ಹೆಸರಿನಲ್ಲಿ ಬಿಳಿ, ಗೋಡೆ ಬಿಳಿ, ಒಳಗೆಲ್ಲ ಹೊಳೆಯುವ ಸ್ಟೀಲ್, ಗಿರಾಕಿಯ ಕಣ್ಣೆದುರೇ ಅಡುಗೆ. ಮೆಕ್‌ಡೊನಾಲ್ಡ್ ಸಹೋದರರು 1948ರಲ್ಲಿ ಸ್ಯಾನ್ ಬರ್ನಾರ್ಡಿನೊದ ತಮ್ಮ ಅಂಗಡಿ ಮುಚ್ಚಿ, ಮೆನುವನ್ನು ಒಂಬತ್ತು ಐಟಂಗೆ ಇಳಿಸಿ ಮತ್ತೆ ತೆರೆದರು. ಟೆನಿಸ್ ಅಂಗಳದ ಮೇಲೆ ಸೀಮೆಸುಣ್ಣದಿಂದ ಅಡುಗೆಮನೆಯ ನಕ್ಷೆ ಬರೆದು, ಕೆಲಸಗಾರರನ್ನು ಅದರೊಳಗೆ ಓಡಾಡಿಸಿ, ಯಾರ ಕೈ ಯಾರಿಗೆ ಅಡ್ಡ ಬರುತ್ತದೆ ಅಂತ ನೋಡಿ ಅಳಿಸಿ ಅಳಿಸಿ ಬರೆದರು. ಮುಂದೆ ಆ ಚೈನನ್ನು ಎಲ್ಲೆಡೆ ಹರಡಿದ ರೇ ಕ್ರಾಕ್ ಷಿಕಾಗೊ ಬಳಿಯ ಡೆಸ್ ಪ್ಲೇನ್ಸ್‌ನಲ್ಲಿ ತನ್ನ ಮೊದಲ ಅಂಗಡಿ ತೆರೆದದ್ದು 1955ರಲ್ಲಿ, ಅಷ್ಟರಲ್ಲಿ ಪದ್ಧತಿ ಸಿದ್ಧವಾಗಿತ್ತು.

ಪ್ಯಾಕೆಟ್ ಅಡುಗೆ ಅಡ್ಡಕಸುಬಿಗಳ ಕೆಲಸ ಅನ್ನುವುದೂ ತಪ್ಪು. ಫ್ರೆಂಚ್ ಅಡುಗೆಯಲ್ಲಿ ನುರಿತ ಪಿಯೇರ್ ಫ್ರಾನೆ, ಜಾಕ್ ಪೆಪಿನ್ ಇಬ್ಬರೂ 1960ರ ದಶಕದಲ್ಲಿ ಹೋವರ್ಡ್ ಜಾನ್ಸನ್ ಚೈನಿನ ಸೆಂಟ್ರಲ್ ಕಿಚನ್ನಿನಲ್ಲಿ ದುಡಿದವರು. ಹತ್ತು ಜನಕ್ಕೆ ಮಾಡುವ ಸಾರನ್ನು ಸಾವಿರಾರು ಜನಕ್ಕೆ ಹಿಗ್ಗಿಸಿ, ಫ್ರೀಜ್ ಮಾಡಿ, ದೂರದ ಬ್ರ್ಯಾಂಚಿನಲ್ಲಿ ಕರಗಿಸಿದಾಗಲೂ ಒಡೆಯದ ಹಾಗೆ ಮಾಡುವುದು ಸಣ್ಣ ವಿದ್ಯೆ ಅಲ್ಲ.


ಹೊಸ ಸದಸ್ಯ

ಹಾಗಾದರೆ ಒಡೆಯದ ಹಾಗೆ ಮಾಡುವುದು ಹೇಗೆ? ಚೈನಿನ ಸಾಸ್‌ಗಳೆಲ್ಲ ಒಂದೇ ಥರ ಹೊಳೆಯುತ್ತವೆ, ಒಂದೇ ಥರ ಅಂಟುತ್ತವೆ, ಎಲ್ಲದರಲ್ಲೂ ಸ್ವಲ್ಪ ಸಿಹಿ ಮುಂದು. ಅದು ಯಾಕೆ?


ಹಳೆ ಸೌಟು

ಹೊಳಪಿಗೂ ಅಂಟಿಗೂ ಕಾರಣ ಪಿಷ್ಟ. ಮನೆಯಲ್ಲಿ ಬಳಸುವ ಕಾರ್ನ್‌ಫ್ಲೋರಿನಿಂದ, ಅಂದರೆ ಮೆಕ್ಕೆಜೋಳದ ಪಿಷ್ಟದಿಂದ, ಗಟ್ಟಿ ಮಾಡಿದ ಸಾಸನ್ನು ಫ್ರೀಜ್ ಮಾಡಿ ಕರಗಿಸಿದರೆ ನೀರು ಬೇರೆ, ಗಸಿ ಬೇರೆ ಆಗುತ್ತದೆ. ಪಿಷ್ಟದ ಎಳೆಗಳು ತಣಿದಾಗ ಮತ್ತೆ ಹತ್ತಿರ ಬಂದು ನಡುವಿನ ನೀರನ್ನು ಹಿಂಡಿ ಹೊರಹಾಕುತ್ತವೆ. ಅದನ್ನು ತಡೆಯಲು ಮಾಡಿಫೈಡ್ ಸ್ಟಾರ್ಚ್, ಅಂದರೆ ಗುಣ ಮಾರ್ಪಡಿಸಿದ ಪಿಷ್ಟ ಬಳಸುತ್ತಾರೆ. ಕರಗಿಸಿದರೂ, ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಹಿಡಿತ ಬಿಡುವುದಿಲ್ಲ. ಚಮಚದ ಬೆನ್ನಿಗೆ ಮೆರುಗೆಣ್ಣೆಯ ಹಾಗೆ ಹತ್ತುವುದು ಅದಕ್ಕೇ.

ಸಿಹಿ-ಉಪ್ಪು ಮುಂದಾಗುವುದರ ಕಾರಣ ಇನ್ನೂ ಆಳದ್ದು. ಒಗ್ಗರಣೆಯ ಘಮ, ಹಸಿ ಸೊಪ್ಪಿನ ವಾಸನೆ, ಹುರಿದ ಬೆಳ್ಳುಳ್ಳಿಯ ಕಂಪು, ಇವೆಲ್ಲ ಗಾಳಿಗೆ ಹಾರುವ ಪದಾರ್ಥಗಳು. ಕಡಾಯಿಯಲ್ಲಿ ಸ್ವಲ್ಪ, ಚೀಲದಲ್ಲಿ ಸ್ವಲ್ಪ, ಬೇನ್‌ಮರಿಯಲ್ಲಿ ಉಳಿದದ್ದು ಹಾರಿಹೋಗುತ್ತದೆ. ಉಪ್ಪು, ಸಕ್ಕರೆ, ಹುಳಿ ಹಾರುವುದಿಲ್ಲ, ಹಾಕಿದಷ್ಟೂ ಕೊನೆತನಕ ಇರುತ್ತವೆ. ಹಾಗಾಗಿ ರುಚಿಯ ಭಾರವನ್ನೆಲ್ಲ ಅವುಗಳ ಮೇಲೆ ಹೇರುತ್ತಾರೆ. ಚೈನಿನ ಊಟ ಮೊದಲ ತುತ್ತಿಗೆ ಬಲು ರುಚಿ, ಅರ್ಧಕ್ಕೆ ಬರುವಾಗ ಸಾಕೆನಿಸುವುದು ಇದರಿಂದ. ಕೊನೆಯಲ್ಲಿ ಹಸಿ ಸೊಪ್ಪು, ನಿಂಬೆ, ಹೊಸದಾಗಿ ಕುಟ್ಟಿದ ಮೆಣಸು ಹಾಕಿಕೊಡುವ ಚೈನ್ ಈ ಕೊರತೆಯನ್ನು ಅರಿತ ಚೈನ್. ಮೆನುವಿನಲ್ಲಿ ಅಂಥದ್ದೇನಾದರೂ ಇದ್ದರೆ ನಾನಂತೂ ಅದನ್ನೇ ಆರಿಸಿ ಅನ್ನುತ್ತೇನೆ.


ಉಗಿ ಪಾತ್ರೆ

ಚೈನ್ ಅಂದರೆ ಚೀಲ ಕತ್ತರಿಸುವುದೇ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ತೈಪೆಯಲ್ಲಿ ಹುಟ್ಟಿ ಹಲವು ದೇಶಗಳಿಗೆ ಹರಡಿದ ದಿನ್ ತೈ ಫಂಗ್ ನೋಡಿ. ಅದರ ಹೆಸರಾಂತ ಸೂಪ್ ಡಂಪ್ಲಿಂಗ್ ಅಂದರೆ ಒಳಗೆ ಸಾರು, ಹೂರಣ ಇರುವ, ಉಗಿಯಲ್ಲಿ ಬೇಯಿಸಿದ ಕಡುಬು. ಅದರ ಹಿಟ್ಟಿನ ಹಾಳೆ 5 ಗ್ರಾಂ, ಹೂರಣ 16 ಗ್ರಾಂ, ಮಡಿಕೆ 18. ಗಾಜಿನ ಹಿಂದೆ ಸಾಲಾಗಿ ನಿಂತು ಕೈಯಲ್ಲೇ ಮಡಚುತ್ತಾರೆ, ಪಕ್ಕದಲ್ಲೇ ತಕ್ಕಡಿ. ಹಾಂಗ್‌ಕಾಂಗ್ ಬ್ರ್ಯಾಂಚಿಗೆ ಮಿಶೆಲಿನ್ ನಕ್ಷತ್ರವೂ ಬಂದಿತ್ತು.

ಅದರೊಳಗೆ ಸೂಪು ಹೋಗುವುದು ಹೇಗೆ ಅಂತ ಗೊತ್ತಾದರೆ ಆ ಗ್ರಾಂಗಳ ಬೆಲೆ ತಿಳಿಯುತ್ತದೆ. ಚರ್ಮ, ಮೂಳೆ ಬೇಯಿಸಿದ ಸಾರು ತಣಿದಾಗ ಜೆಲ್ಲಿಯಾಗುತ್ತದೆ. ಅದನ್ನು ಸಣ್ಣಗೆ ಕೊಚ್ಚಿ ಹೂರಣಕ್ಕೆ ಬೆರೆಸಿ ಮಡಚುತ್ತಾರೆ, ಉಗಿ ತಗುಲಿದಾಗ ಕರಗಿ ಸಾರಾಗುತ್ತದೆ. ಹಾಳೆಯ ನಡುಭಾಗ ತುಸು ದಪ್ಪ, ಅಂಚು ತೆಳು ಇರಬೇಕು, ಯಾಕೆಂದರೆ ಅಂಚೆಲ್ಲ ಮೇಲೆ ಸೇರಿ ಗಂಟಾಗುವುದು. ಅಂಚೂ ದಪ್ಪವಾದರೆ ಆ ಗಂಟು ಬೇಯದೆ ಹಿಟ್ಟು ಹಿಟ್ಟಾಗಿ ಉಳಿಯುತ್ತದೆ. ನಡು ತೆಳುವಾದರೆ ಎತ್ತುವಾಗ ಹರಿದು ಸಾರೆಲ್ಲ ಬುಟ್ಟಿಯ ಪಾಲು. ಬೆಂದ ಮೇಲೆ ಟೇಬಲ್ಲಿನಲ್ಲಿ ಐದಾರು ನಿಮಿಷ ಬಿಟ್ಟರೂ ಹಾಳೆ ಒಣಗಿ ತಳಕ್ಕೆ ಅಂಟಿ ಹರಿಯುತ್ತದೆ.

ಅಂದರೆ ಆ ಚೈನ್ ಕೈಕೆಲಸವನ್ನೇ ಅಳತೆಗೆ ತಂದಿದೆ. ಬೇರೆಯವರು ಕೈಯನ್ನು ಕೆಲಸದಿಂದ ತೆಗೆದುಹಾಕಿ ಅಳತೆ ಸಾಧಿಸುತ್ತಾರೆ. ಎರಡನ್ನೂ ಚೈನ್ ಅಂತಲೇ ಕರೆಯುವುದರಿಂದ ವಾದ ಮುಗಿಯುವುದೇ ಇಲ್ಲ.


ಲೆಕ್ಕದ ಪುಸ್ತಕ

ಉಗಿ ಪಾತ್ರೆಯವರ ಮಾತು ಸರಿ. ಆದರೆ ಹಾಗೆ ಕೈ ಪಳಗಿಸಲು ತಿಂಗಳುಗಟ್ಟಲೆ ತರಬೇತಿ, ಬಿಟ್ಟುಹೋಗದ ಹಾಗೆ ಸಂಬಳ ಬೇಕು. ಫ್ರಾಂಚೈಸಿ, ಅಂದರೆ ಚೈನಿನ ಹೆಸರು ಪಡೆದು ಬೇರೆ ಮಾಲೀಕ ನಡೆಸುವ ಬ್ರ್ಯಾಂಚಿನ ಲೆಕ್ಕದಲ್ಲಿ ಅದಕ್ಕೆ ಜಾಗ ಎಷ್ಟು ಸಿಗುತ್ತದೆ ನೋಡಿ. ಸಾಮಾನ್ಯವಾಗಿ ನೂರು ಬಂದರೆ 28ರಿಂದ 35 ಸಾಮಾನಿಗೆ, ಹೆಚ್ಚುಕಡಿಮೆ ಅಷ್ಟೇ ಸಂಬಳಕ್ಕೆ. ಬಾಡಿಗೆ, ಕರೆಂಟು, ಗ್ಯಾಸು ಬೇರೆ. ಅದರ ಮೇಲೆ ಹೆಸರಿನ ಒಡೆಯರಿಗೆ 4ರಿಂದ 8ರಷ್ಟು ರಾಯಲ್ಟಿ, ಜಾಹೀರಾತು ನಿಧಿಗೆ ಇನ್ನೆರಡು ಮೂರು. ಈ ರಾಯಲ್ಟಿ ಕಟ್ಟುವುದು ಒಟ್ಟು ವ್ಯಾಪಾರದ ಮೇಲೆ, ಲಾಭದ ಮೇಲಲ್ಲ. ತಿಂಗಳು ನಷ್ಟದಲ್ಲಿ ಮುಗಿದರೂ ಕಟ್ಟಲೇಬೇಕು.

ಸಾಮಾನು ಎಲ್ಲಿಂದ ತರಬೇಕು ಅಂತ ಒಪ್ಪಂದವಿದೆ, ಬೆಲೆ ಅವರದು. ಬಾಡಿಗೆ ಇಳಿಯುವುದಿಲ್ಲ. ಮಾಲೀಕನ ಕೈಯಲ್ಲಿ ಉಳಿಯುವುದು ಮೂರು: ಶಿಫ್ಟಿಗೆ ಒಬ್ಬ ಆಳು ಕಡಿಮೆ, ಎಣ್ಣೆ ಬದಲಿಸುವುದು ಇನ್ನೆರಡು ದಿನ ತಡ, ಟೈಮರ್ ಕೂಗಿದರೂ ಎಸೆಯದೆ ಇಡುವುದು. ಮೂರೂ ಆ ಕೊನೆಯ ಹತ್ತು ನಿಮಿಷಕ್ಕೇ ಬಡಿಯುತ್ತವೆ. ಬ್ರ್ಯಾಂಚ್ ಕೆಡುವುದು ಹೀಗೆ, ಪಾಕವಿಧಾನದಲ್ಲಿ ಒಂದಕ್ಷರ ಬದಲಾಗದೆ.

ಅಳತೆ ತಪ್ಪಿದರೂ ಅಷ್ಟೇ ಕಷ್ಟ. ಚೀಸ್ 28 ಗ್ರಾಂ ಹಾಕುವ ಕಡೆ ಕೈಯಂದಾಜಿನಲ್ಲಿ 32 ಹಾಕಿದರೆ ಚೀಸಿನ ಖರ್ಚು 14 ಪ್ರತಿಶತ ಏರಿತು. ಅದಕ್ಕೇ ಎಲ್ಲಕ್ಕೂ ನಂಬರಿನ ಸ್ಕೂಪು. 16ನೇ ನಂಬರು ಅಂದರೆ ಒಂದು ಅಮೆರಿಕನ್ ಕ್ವಾರ್ಟ್, ಅಂದರೆ 946 ಮಿಲಿಲೀಟರಿನಲ್ಲಿ ಹದಿನಾರು ಸಲ ತುಂಬುವಷ್ಟು, ಸುಮಾರು 59 ಮಿಲಿಲೀಟರ್. ನಂಬರು ದೊಡ್ಡದಾದಷ್ಟೂ ಸ್ಕೂಪು ಚಿಕ್ಕದು. ಹೊಸಬರು ಇದನ್ನು ತಿರುವುಮುರುವು ಮಾಡಿ 8ನೇ ನಂಬರು ಹಿಡಿದರೆ ಪ್ರತಿ ತಟ್ಟೆಗೂ ಎರಡರಷ್ಟು ಹೋಗುತ್ತದೆ. ರಾತ್ರಿ ಮಾರಾಟದ ಪಟ್ಟಿಯ ಪ್ರಕಾರ ಎಷ್ಟು ಸಾಮಾನು ಹೋಗಬೇಕಿತ್ತು, ಗೋದಾಮಿನಲ್ಲಿ ಎಷ್ಟು ಹೋಗಿದೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಇದು ಬಯಲಾಗುವುದು.


ರಂಗಸಜ್ಜು

ಥೀಮ್ ಹೋಟೆಲಿನ ವಿಷಯಕ್ಕೆ ಯಾರೂ ಬರಲಿಲ್ಲ, ನಾನು ಬರೆಯುತ್ತೇನೆ. ಇದು ಹೊಸ ಹುಚ್ಚೇನಲ್ಲ. ಪ್ಯಾರಿಸ್ಸಿನ ಮೊಂಮಾರ್ತ್ರ್‌ನಲ್ಲಿ 1892ರಲ್ಲೇ ಕ್ಯಾಬರೆ ದು ನೆಆಂ ಇತ್ತು, ಶವಪೆಟ್ಟಿಗೆಗಳೇ ಅಲ್ಲಿ ಟೇಬಲ್ಲು. 1971ರಲ್ಲಿ ಲಂಡನ್ನಿನಲ್ಲಿ ರಾಕ್ ಸಂಗೀತದ ಹಾರ್ಡ್ ರಾಕ್ ಕೆಫೆ, 1991ರಲ್ಲಿ ನ್ಯೂಯಾರ್ಕಿನಲ್ಲಿ ಪ್ಲಾನೆಟ್ ಹಾಲಿವುಡ್, 1994ರಲ್ಲಿ ಮಿನೆಸೋಟಾದ ಮಾಲ್ ಆಫ್ ಅಮೆರಿಕಾದಲ್ಲಿ ಮಳೆಕಾಡಿನ ಸಜ್ಜಿನ ರೇನ್‌ಫಾರೆಸ್ಟ್ ಕೆಫೆ. ಸಿನಿಮಾ ತಾರೆಯರ ಹೆಸರು ಹೊತ್ತ ಪ್ಲಾನೆಟ್ ಹಾಲಿವುಡ್ ಎಂಟೇ ವರ್ಷಕ್ಕೆ, 1999ರಲ್ಲಿ ದಿವಾಳಿ ಅರ್ಜಿ ಹಾಕಿತು. 2001ರಲ್ಲಿ ಮತ್ತೊಮ್ಮೆ.

ಯಾಕೆ ಅಂದರೆ ಸಜ್ಜಿನ ಖರ್ಚು ಮೊದಲ ದಿನವೇ ಪೂರ್ತಿ ಆಗಿಹೋಗಿರುತ್ತದೆ, ಅದರ ಬೆರಗು ಮಾತ್ರ ಭೇಟಿಯಿಂದ ಭೇಟಿಗೆ ಇಳಿಯುತ್ತದೆ. ಮೊದಲ ಸಲ ಗಿರಾಕಿ ತಲೆಯೆತ್ತಿ ನೋಡುತ್ತಾನೆ. ಎರಡನೇ ಸಲ ತಟ್ಟೆ ನೋಡುತ್ತಾನೆ. ಆ ತಟ್ಟೆಯ ಪಾಲಿನ ಹಣ ಗೋಡೆಗೆ ಹೋಗಿದ್ದರೆ ಮೂರನೇ ಸಲ ಬರುವುದಿಲ್ಲ. ಪ್ರವಾಸಿಗಳು ತುಂಬಿರುವ ಜಾಗದಲ್ಲಿ ಇದು ನಡೆಯುತ್ತದೆ, ದಿನಾ ಹೊಸ ಮುಖ ಬರುತ್ತವೆ. ಜನವಸತಿಯ ಬೀದಿಯಲ್ಲಿ ನಡೆಯುವುದಿಲ್ಲ.

ಸಜ್ಜು ಹಳತಾಗುವುದೂ ಅಡುಗೆಮನೆಯ ಕಾರಣದಿಂದಲೇ. ಕರಿಯುವ ಹಬೆಯಲ್ಲಿ ಎಣ್ಣೆಯ ಸಣ್ಣ ಸಣ್ಣ ಹನಿಗಳಿರುತ್ತವೆ. ಹಬೆಯನ್ನು ಹೊರಹಾಕುವ ಹೀರುಗೊಳವೆ ಸಾಲದಿದ್ದರೆ ಅವು ಊಟದ ಕೋಣೆಗೂ ಬಂದು ಪ್ಲಾಸ್ಟಿಕ್ ಎಲೆ, ಬಳ್ಳಿ, ಹಗ್ಗ, ಮೀನುಬಲೆಯ ಮೇಲೆ ಕೂರುತ್ತವೆ. ಅದರ ಮೇಲೆ ಧೂಳು. ಎರಡೂ ಸೇರಿದರೆ ಕಂದು ಬಣ್ಣದ ಅಂಟು, ಒರೆಸಿದರೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಬಿಸಿನೀರು, ಸೋಪಿನಲ್ಲಿ ಎಲೆ ಎಲೆ ತೊಳೆಯಬೇಕು. ಮೇಲಿಂದ ತೂಗುವ ಅಲಂಕಾರ ನೇರ ತಟ್ಟೆಯ ಮೇಲಿದ್ದರೆ ಅದರ ಉದುರು ಬೀಳುವುದು ಎಲ್ಲಿಗೆ ಅಂತ ನೀವೇ ಯೋಚಿಸಿ. ಕೂರುವ ಮುಂಚೆ ತಲೆಯ ಮೇಲಿನ ಎಲೆಯ ಮೇಲ್ಮೈ ನೋಡಿ. ಮಾಲೀಕರು ವಾರದ ತೊಳೆತಕ್ಕೆ ಆಳು ಇಟ್ಟಿದ್ದಾರೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ತಲೆಯಾಡಿಸುವ ಪ್ರಾಣಿ, ಬಾಯಿಬಿಡುವ ಬೊಂಬೆಗಳು ಬಹಳಷ್ಟು ಗಾಳಿಯ ಒತ್ತಡದಿಂದ ನಡೆಯುತ್ತವೆ. ಕಂಪ್ರೆಸರಿನ ಗಾಳಿಯಲ್ಲಿ ನೀರಿನಂಶ ಉಳಿದರೆ ವಾಲ್ವಿಗೆ ತುಕ್ಕು, ಸೀಲು ಸವೆದರೆ ಚಲನೆ ಎಳೆದೆಳೆದು ಬರುತ್ತದೆ. ಮೊದಲು ಹರಿಯುವುದು ಬಾಯಿಯ ಮೂಲೆಯ ರಬ್ಬರು. ಮಂಜು ಎಬ್ಬಿಸುವ ಯಂತ್ರ ಇದ್ದರೆ ಇನ್ನೂ ಎಚ್ಚರ ಬೇಕು. 20ರಿಂದ 45 ಡಿಗ್ರಿಯಲ್ಲಿ ನಿಂತ ನೀರು ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹಿತ, ಮಂಜಾಗಿ ಎದ್ದರೆ ನೇರ ಶ್ವಾಸಕೋಶಕ್ಕೆ. ತೊಟ್ಟಿಯನ್ನು ದಿನವೂ ಖಾಲಿ ಮಾಡಿ ಒಣಗಿಸದ ಕಡೆ ಆ ಯಂತ್ರ ಓಡಿಸಲೇಬಾರದು.


ಹಳೆ ಸೌಟು

ರಂಗಸಜ್ಜು ಅವರೇ, ಗದ್ದಲದ ಬಗ್ಗೆಯೂ ಬರೆಯಿರಿ. ಥೀಮ್ ಹೋಟೆಲಿನ ಊಟ ಸಪ್ಪೆ ಅನ್ನಿಸುವುದಕ್ಕೆ ಅದೂ ಕಾರಣ ಅಲ್ಲವೇ?


ರಂಗಸಜ್ಜು

ಹೌದು. ಮಾಮೂಲಿ ಮಾತು ಸುಮಾರು 60 ಡೆಸಿಬಲ್. ಸುತ್ತಲಿನ ಸದ್ದು ಅದನ್ನು ಮೀರಿದ ಹಾಗೆ ಎಲ್ಲರೂ ಗೊತ್ತಿಲ್ಲದೆಯೇ ದನಿ ಏರಿಸುತ್ತಾರೆ, ಪಕ್ಕದ ಟೇಬಲ್ಲಿನವರು ಇನ್ನೂ ಏರಿಸುತ್ತಾರೆ. ನಕಲಿ ಬಂಡೆ, ಕಾಂಕ್ರೀಟು, ಗಾಜು ಸದ್ದನ್ನು ಹೀರುವುದಿಲ್ಲ, ವಾಪಸು ಎಸೆಯುತ್ತವೆ. ಗದ್ದಲದಲ್ಲಿ ಉಪ್ಪು, ಸಿಹಿ ಎರಡೂ ನಾಲಿಗೆಗೆ ಮಂದವಾಗಿ ತಿಳಿಯುತ್ತವೆ ಎಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅಡುಗೆಯವರು ರುಚಿ ನೋಡುವುದು ಬೆಳಿಗ್ಗೆ, ಊಟದ ಕೋಣೆ ಖಾಲಿ ಇರುವಾಗ. ಗಿರಾಕಿ ಉಣ್ಣುವುದು ರಾತ್ರಿ ಎಂಟಕ್ಕೆ. ಕೂರಲು ಜಾಗ ಕೇಳುವಾಗ ಪರದೆ, ಮೆತ್ತೆಯ ಬೆನ್ನೊರಗು, ತಗ್ಗು ಚಾವಣಿ ಇರುವ ಗೋಡೆಬದಿ ಕೇಳಿ. ಸ್ಪೀಕರಿನಿಂದ ದೂರ ಅಂತ ಬಾಯಿಬಿಟ್ಟು ಹೇಳಿ. ಮಕ್ಕಳಿಗೆ ಬೊಂಬೆ ಕಾಣಬೇಕು ಅಂತ ವೇದಿಕೆಯ ಎದುರಿನ ಮೊದಲ ಸಾಲು ಹಿಡಿಯಬೇಡಿ. ಮೂರನೇ ಸಾಲಿನಿಂದಲೂ ಚೆನ್ನಾಗಿ ಕಾಣುತ್ತದೆ, ಚಿಕ್ಕ ಮಕ್ಕಳು ಹೆದರಿ ಅಳುವುದೂ ಕಡಿಮೆ.


ಉಗಿ ಪಾತ್ರೆ

ಥೀಮ್ ಎಲ್ಲ ಕಡೆಯೂ ಅಡುಗೆಗೆ ಭಾರ ಅಂತ ಹೇಳಲಾಗದು. ಥೀಮೇ ಅಡುಗೆಮನೆಯ ಕೆಲಸ ಹಗುರ ಮಾಡಿರುವ ಕಡೆ ನೋಡಿ. ಕುದುರೆ ಸವಾರರ ಕಾಳಗ ತೋರಿಸುವ ಮೆಡೀವಲ್ ಟೈಮ್ಸ್‌ನಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಊಟ, ಒಂದೇ ಹೊತ್ತಿಗೆ, ಚಮಚ-ಮುಳ್ಳು ಇಲ್ಲದೆ ಕೈಯಲ್ಲೇ. ಸೂಪನ್ನು ಹಿಡಿಯಿರುವ ಬಟ್ಟಲಿನಿಂದ ಕುಡಿಯುವುದು. ಆಟ ಶುರುವಾಗುವ ಹೊತ್ತು ಗೊತ್ತು, ಬಂದವರ ಲೆಕ್ಕ ಗೊತ್ತು, ಕೋಳಿ ಓವನ್ನಿನಿಂದ ಇಳಿಸುವ ನಿಮಿಷವೂ ಗೊತ್ತು. ಕಾಯಿಸಿ ಇಡುವ ಪ್ರಶ್ನೆಯೇ ಬರುವುದಿಲ್ಲ.

1958ರಲ್ಲಿ ಯೋಶಿಯಾಕಿ ಶಿರಾಯಿಶಿ ಒಸಾಕಾದ ಪಕ್ಕದಲ್ಲಿ ತೆರೆದ ತಿರುಗುಪಟ್ಟಿಯ ಸುಶಿ ಅಂಗಡಿಯೂ ಹಾಗೇ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ನೋಡಿ ಮಾಡಿದ್ದು. ಪಟ್ಟಿಯ ವೇಗ ಸೆಕೆಂಡಿಗೆ 8 ಸೆಂಟಿಮೀಟರ್. ಅದಕ್ಕಿಂತ ಜೋರಾದರೆ ಅನ್ನ ಒಣಗುತ್ತದೆ, ಎತ್ತಿಕೊಳ್ಳಲೂ ಕಷ್ಟ. ನಿಧಾನವಾದರೆ ಗಿರಾಕಿಗೆ ಬೇಸರ. ಈಗ ತಟ್ಟೆಯಡಿ ಚಿಪ್ ಇಟ್ಟು, ಹೆಚ್ಚು ಹೊತ್ತು ಸುತ್ತಿದ ತಟ್ಟೆಯನ್ನು ಯಂತ್ರವೇ ತೆಗೆದುಹಾಕುವ ವ್ಯವಸ್ಥೆಯೂ ಇದೆ. ಎಣ್ಣೆ ಬಾಣಲೆಯವರು ಹೇಳಿದ ಟೈಮರಿನ ಧೈರ್ಯವನ್ನು ಅಲ್ಲಿ ಯಂತ್ರದ ಕೈಗೆ ಕೊಟ್ಟಿದ್ದಾರೆ.

ಕತ್ತಲೆಯ ಊಟವೂ ಇದೆ. ಜ್ಯೂರಿಕ್‌ನಲ್ಲಿ ಬ್ಲಿಂಡೆಕೂ 1999ರಲ್ಲಿ, ಪ್ಯಾರಿಸ್ಸಿನಲ್ಲಿ ದಾಂ ಲೆ ನ್ವಾರ್ 2004ರಲ್ಲಿ. ಕಣ್ಣು ಕಾಣದವರೇ ಅಲ್ಲಿ ಬಡಿಸುವವರು, ಕತ್ತಲಲ್ಲಿ ದಾರಿ ಬಲ್ಲವರು ಅವರೇ. ಇಂಥ ಊಟದಲ್ಲಿ ತಟ್ಟೆಯನ್ನು ಗಡಿಯಾರ ಅಂದುಕೊಂಡರೆ ಸುಲಭ: ಮೂರಕ್ಕೆ ತರಕಾರಿ, ಆರಕ್ಕೆ ಮಾಂಸ, ಒಂಬತ್ತಕ್ಕೆ ಅನ್ನ. ನೀರು ಬಗ್ಗಿಸುವಾಗ ಲೋಟದ ಅಂಚಿನೊಳಗೆ ಬೆರಳ ತುದಿ ಇಟ್ಟು, ತಣ್ಣಗೆ ತಗುಲಿದ ಕೂಡಲೇ ನಿಲ್ಲಿಸಬೇಕು. ಅಲ್ಲಿ ಗೋಡೆಗೆ ಹಣ ಸುರಿದೇ ಇಲ್ಲ, ಗಮನವೆಲ್ಲ ಬಾಯಲ್ಲಿ.


ಹೊಸ ಸದಸ್ಯ

ತುಂಬಾ ಉಪಕಾರವಾಯಿತು. ಕೊನೆಗೆ ಎರಡು ಪ್ರಶ್ನೆ. ಅಲರ್ಜಿ ಇರುವವರಿಗೆ ಚೈನ್ ವಾಸಿಯೇ? ಇನ್ನು, ಗೊತ್ತಿಲ್ಲದ ಬ್ರ್ಯಾಂಚಿಗೆ ಹೋದಾಗ ಏನು ಆರ್ಡರ್ ಮಾಡಬೇಕು?


ಲೆಕ್ಕದ ಪುಸ್ತಕ

ಅಲರ್ಜಿಯ ಮಟ್ಟಿಗೆ ಚೈನಿಗೆ ಒಂದು ದೊಡ್ಡ ಗುಣವಿದೆ: ಯಾವ ಐಟಂನಲ್ಲಿ ಏನಿದೆ ಅಂತ ಬರೆದಿಟ್ಟಿರುತ್ತಾರೆ, ಪಾಕ ದಿನಕ್ಕೊಂದು ಆಗುವುದಿಲ್ಲ. ಐರೋಪ್ಯ ಒಕ್ಕೂಟದ ನಿಯಮದಲ್ಲಿ 14 ಅಲರ್ಜಿಕಾರಕಗಳ ಮಾಹಿತಿ ಕೊಡುವುದು ಕಡ್ಡಾಯ. ಅಮೆರಿಕದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಅಂಗಡಿ ಇರುವ ಚೈನ್‌ಗಳು 2018ರಿಂದ ಮೆನುವಿನಲ್ಲೇ ಕ್ಯಾಲೊರಿ ಬರೆಯಬೇಕು. ಆದರೆ ಆ ಪಟ್ಟಿ ಹೇಳುವುದು ಮೊದಲ ಅಡುಗೆಮನೆಯ ಕಥೆ. ಬ್ರ್ಯಾಂಚಿನಲ್ಲಿ ಫ್ರೈಯರ್ ಒಂದೇ ಇದ್ದರೆ ಹಿಟ್ಟು ಮೆತ್ತಿದ್ದೂ ಬರೀ ಆಲೂಗಡ್ಡೆಯೂ ಅದೇ ಎಣ್ಣೆಯಲ್ಲಿ ಬೇಯುತ್ತವೆ. "ಇದರಲ್ಲಿ ಗೋಧಿ ಇದೆಯಾ" ಅಂತಷ್ಟೇ ಕೇಳಿದರೆ ಇಲ್ಲ ಅನ್ನುತ್ತಾರೆ, ಸುಳ್ಳಲ್ಲ. "ಇದನ್ನು ಕರಿಯುವ ಫ್ರೈಯರಿನಲ್ಲಿ ಬೇರೆ ಏನೇನು ಕರಿಯುತ್ತೀರಿ, ಇಕ್ಕಳ ಬೇರೆ ಇದೆಯಾ" ಅಂತ ಕೇಳಬೇಕು. ಅಲರ್ಜಿ ತೀವ್ರವಾಗಿದ್ದು ಉತ್ತರಕ್ಕೆ ತಡವರಿಸಿದರೆ ಅಲ್ಲಿ ಕರಿದದ್ದನ್ನು ತಿನ್ನಬೇಡಿ.


ಎಣ್ಣೆ ಬಾಣಲೆ

ಆರ್ಡರಿನ ವಿಷಯ ನಾನು ಹೇಳ್ತೀನಿ. ಜನ ಇರೋ ಹೊತ್ತಿಗೆ ಹೋಗಿ. ಮಧ್ಯಾಹ್ನ ಒಂದು, ರಾತ್ರಿ ಏಳೂವರೆ. ಕಾಯಬೇಕಾಗಬಹುದು, ಆದರೆ ದೀಪದ ಕೆಳಗೆ ಏನೂ ಕೂತಿರಲ್ಲ. ಮಧ್ಯಾಹ್ನ ಮೂರರಿಂದ ಐದರ ನಡುವೆ ಹೋಗಲೇಬೇಕಾದರೆ, ಆರ್ಡರ್ ಆದ ಮೇಲೆ ಮಾಡೋ ಐಟಂ ಕೇಳಿ. ಉಪ್ಪಿಲ್ಲದ ಫ್ರೈಸ್ ಕೇಳಿದರೆ ಹೊಸದಾಗಿ ಕರಿಯಲೇಬೇಕಾಗುತ್ತೆ, ಉಪ್ಪು ಪಕ್ಕದಲ್ಲಿ ತಗೊಳ್ಳಿ. ಆದರೆ ಹಿಂದೆ ಉದ್ದ ಸಾಲಿದ್ದಾಗ ಹೀಗೆ ಕೇಳೋದು ಬೇಡ, ಒಂದು ಬುಟ್ಟಿ ಪೂರ್ತಿ ನಿಲ್ಲಿಸಿದ ಹಾಗಾಗುತ್ತೆ.

ಮೆನು ಉದ್ದ ಇದ್ದಷ್ಟೂ ಮೊದಲ ಪುಟ ಬಿಟ್ಟು ಆಚೆ ಹೋಗಬೇಡಿ. ಹೆಸರಿಗೆ ಕಾರಣವಾದ ನಾಲ್ಕೈದು ಐಟಂ ದಿನಕ್ಕೆ ನೂರಾರು ಸಲ ಹೋಗುತ್ತವೆ, ಸಾಮಾನು ತಿರುಗ್ತಾ ಇರುತ್ತೆ, ಕೈಗಳಿಗೂ ರೂಢಿ. ಕೊನೇ ಪುಟದ್ದು ವಾರಕ್ಕೆ ಮೂರು ಸಲ ಹೋಗುತ್ತೆ, ಚೀಲ ತೆರೆದು ಎಷ್ಟು ದಿನವಾಯ್ತು ಅಂತ ಲೇಬಲ್ ನೋಡಿಯೇ ಹೇಳಬೇಕು. ಸಲಾಡ್ ಇನ್ನೊಂದು ಪರೀಕ್ಷೆ. ಸೊಪ್ಪನ್ನ ಫ್ರೀಜ್ ಮಾಡೋಕಾಗಲ್ಲ, ಸೆಂಟ್ರಲ್ ಕಿಚನ್ ಅದಕ್ಕೆ ಏನೂ ಸಹಾಯ ಮಾಡಲ್ಲ. ತೊಳೆದು ನೀರು ಪೂರ್ತಿ ಹಿಂಡದಿದ್ದರೆ ಡ್ರೆಸ್ಸಿಂಗ್ ಎಲೆಗೆ ಹತ್ತದೆ ಬಟ್ಟಲಿನ ತಳದಲ್ಲಿ ನೀರಾಗಿ ನಿಲ್ಲುತ್ತೆ, ಹಳತಾದರೆ ಕತ್ತರಿಸಿದ ಅಂಚು ಕೆಂಪಗಾಗುತ್ತೆ. ಪಕ್ಕದ ಟೇಬಲ್ಲಿಗೆ ಹೋಗ್ತಿರೋ ಸಲಾಡಿನ ಅಂಚು ಒಮ್ಮೆ ನೋಡಿ, ಆಮೇಲೆ ಕರಿದದ್ದು ಆರ್ಡರ್ ಮಾಡಬೇಕೋ ಬೇಡವೋ ತೀರ್ಮಾನ ಮಾಡಿ. ಎರಡೂ ಕೆಲಸ ಸಾಮಾನ್ಯವಾಗಿ ಒಂದೇ ಮ್ಯಾನೇಜರಿನ ಕಣ್ಣಡಿ ನಡೆಯೋದು.


ಹೊಸ ಸದಸ್ಯ

ಪಾರ್ಸೆಲ್ ತಂದ ಫ್ರೈಸ್ ಮೆತ್ತಗಾದರೆ ಸರಿಮಾಡಬಹುದೇ?


ಎಣ್ಣೆ ಬಾಣಲೆ

ಸ್ವಲ್ಪ ಮಟ್ಟಿಗೆ ಆಗುತ್ತೆ. ಮೊದಲು, ಪೊಟ್ಟಣದ ಬಾಯಿ ದಾರಿಯಲ್ಲೇ ತೆರೆದಿಡಿ, ಮುಚ್ಚಿದರೆ ಹಬೆ ಅಲ್ಲೇ ನೀರಾಗುತ್ತೆ. ಮನೇಲಿ ಮೈಕ್ರೋವೇವ್ ಬೇಡ, ಇನ್ನೂ ಮೆತ್ತಗಾಗುತ್ತೆ. ಅಗಲ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ, ಎಣ್ಣೆ ಹಾಕದೆ ಒಂದೇ ಪದರವಾಗಿ ಹರಡಿ, ಮುಚ್ಚದೆ ಮೂರು ನಾಲ್ಕು ನಿಮಿಷ, ನಡುವೆ ಒಂದೇ ಸಲ ತಿರುವಿ. ಓವನ್ ಇದ್ದರೆ 200 ಡಿಗ್ರಿಯಲ್ಲಿ ಐದು ನಿಮಿಷ. ಎರಡನೇ ಸಲಕ್ಕೆ ಮತ್ತೆ ಬಿಸಿ ಮಾಡಿದರೆ ಮಾತ್ರ ಒಳಗಿನ ತೇವ ಪೂರ್ತಿ ಹೋಗಿ ಕಡ್ಡಿಯಾಗುತ್ತೆ, ತಿನ್ನುವಷ್ಟೇ ಕಾಯಿಸಿ.